ಇಲ್ಲಿ ಇಳಿದದ್ದು, ಅಲ್ಲಿ ಏರಿದ್ದು

ಕಣ್ಣಾಸ್ಪತ್ರೆಯ ನರ್ಸ್ ಎರಡನೆಯ ಸಲ ಮುದುಕರ ಕಣ್ಣಿಗೆ ಹನಿ ಬಿಟ್ಟು ಹೋದಳು. ಅವರು ಕಣ್ಣು ಮುಚ್ಚಿಕೊಂಡೇ ಪಕ್ಕದಲ್ಲಿದ್ದ ಸೊಸೆಯ ಮೊಣಕೈ ತಟ್ಟಿದರು. ನಾನು ಎದುರಿನ ಬೆಂಚಿನಲ್ಲಿದ್ದೆ.

"ನಿನ್ನ ಬಿಟ್‌ಕಾಯಿನ್ ಏನಾಯ್ತಮ್ಮ? ಫೋನ್ ನೋಡಿ ಹೇಳು."

"ಬೆಳಿಗ್ಗೆ ನಮ್ಮ ಸರ್ಕಾರ ಅದರ ಮೇಲೆ ಹೊಸ ತೆರಿಗೆ ಹಾಕ್ತು ಮಾವ. ಎಲ್ಲರೂ ಹೆದರಿ ಮಾರಿದ್ರು, ದಬಕ್ಕನೆ ಬಿತ್ತು."

"ಈಗ?"

"ಪಕ್ಕದ ದೇಶದಲ್ಲಿ ಬ್ಯಾಂಕುಗಳೂ ಅದನ್ನ ಕೊಳ್ಳಬಹುದು ಅಂತ ಕಾನೂನು ಮಾಡಿದಾರಂತೆ. ಮೆಲ್ಲಗೆ ಏರ್ತಿದೆ."

"ಥೇಟ್ ನಿನ್ನ ಮಗನೇ! ನೀನು ಗದರಿದ್ರೆ ಮುದುಡ್ಕೋತಾನೆ, ಅಜ್ಜಿ ಮುದ್ದು ಮಾಡಿದ್ರೆ ತಲೆ ಮೇಲೆ ಕೂರ್ತಾನೆ."

ಸೊಸೆ ನಕ್ಕಳು.

"ಈಗಿನ ರೇಟಿಗೆ ಮಾರಿದ್ರೂ ನಿಮ್ಮ ಕಣ್ಣಿನ ಆಪರೇಷನ್ ದುಡ್ಡು ಕೊಟ್ಟು ಇಲ್ಲೇ ಈ ವಾರಾನೇ ಮಾಡಿಸಬಹುದು."

"ಅದು ನಿನ್ನ ಬೇಕರಿಗೆ ಓವನ್ ತರೋಕೆ ಇಟ್ಟಿದ್ದಲ್ವಾ?"

"ಮುಂದೆ ನೋಡೋಣ."

"ಇಲ್ಲಿ ಬೇಡ ಅಂದ್ರೆ ಅಲ್ಲಿ ಬೇಕು ಅಂತಿದಾರಲ್ಲ, ಏರಲಿ ಬಿಡು. ಸರ್ಕಾರಿ ಆಸ್ಪತ್ರೇಲಿ ನನ್ನ ಸರದಿ ಬೇಸಿಗೆಗೆ ಬರತ್ತೆ. ಅಲ್ಲೀವರೆಗೆ ಬನ್ನು ಸೀದಿದ್ಯಾ ಅಂತ ಮೂಗಲ್ಲೇ ಹೇಳ್ತೀನಿ."

ಒಳಗಿನಿಂದ ಡಾಕ್ಟರ್ ಕರೆದರು. ಸೊಸೆ ಅವರ ತೋಳು ಹಿಡಿದು ಎಬ್ಬಿಸಿದಳು.

"ಮಾರಿಬಿಡ್ಲಾ ಮಾವ? ಒಂದು ಬಟನ್ ಒತ್ತಿದ್ರೆ ಆಯ್ತು."

"ಬೇಡ," ಎಂದು ಅವರು ಬಾಗಿಲಿನತ್ತ ಹೆಜ್ಜೆ ಹಾಕಿದರು.