ಒಳಗಿಂದ ಹಾಕಿದ ಚಿಲಕ

…ಇಲ್ಲ ಇಲ್ಲ, ತಾಯಮ್ಮ, ಬ್ಯಾಗ್ ಕೆಳಗೇ ಇರಲಿ, ಆಮೇಲೆ ನಾನೇ ತರ್ತೀನಿ. ಮೊದಲು ಮೇಲೆ ಬನ್ನಿ. ಹುಷಾರು, ಮೆಟ್ಟಿಲು ಜಾರುತ್ತೆ. ಕೆಂಡಲ್ ಪಾರ್ಕಿಂದ ಇಲ್ಲಿಗೆ ಬರೋ ಅಷ್ಟರಲ್ಲಿ ನಿಮ್ಮ ಕಾಲು ಮರಗಟ್ಟಿರಬೇಕು, ಮಾಲಾ ಕಾರಲ್ಲಿ ಹೀಟರ್ ಸರಿಯಿಲ್ಲ… ಅಯ್ಯೋ, ಮೇಡಂ ಗೀಡಂ ಎಲ್ಲ ಬೇಡ! ನಳಿನಾ ಅನ್ನಿ. ನಿಮ್ಮ ಮಗಳ ವಯಸ್ಸಿನವಳು ನಾನು.

ಹಾಂ, ಇದೇ ಮಗು ರೂಮು. ಹೋಗಿ… ಹೋಗಿ ನೋಡಿ. ನಾನು ಇಲ್ಲೇ ಬಾಗಿಲ ಹತ್ರ ನಿಂತಿರ್ತೀನಿ. ಮಲಗಿದಾಳೆ. ಮೇಧಾ ಅಂತ ಹೆಸರು. ಬರೋ ಗುರುವಾರಕ್ಕೆ ಐದು ತಿಂಗಳು.

ಮುಂಚೆ ಇದ್ದ ಹುಡುಗೀನಾ? ಕಿರ್ಸ್ಟನ್ ಅಂತ. ಡೆನ್ಮಾರ್ಕಿನೋಳು, ಹತ್ತೊಂಬತ್ತು ವರ್ಷ. ಓ ಪೇರ್ ಅಂತಾರೆ ಇಲ್ಲಿ ಅಮೆರಿಕದಲ್ಲಿ, ಈಚೆಗೆ ಶುರುವಾಗಿದೆ. ಯುರೋಪಿಂದ ಹುಡುಗೀರು ಬರ್ತಾರೆ, ಒಂದು ವರ್ಷ ಮನೆಯವರ ಥರಾನೇ ಇದ್ದು ಮಗು ನೋಡ್ಕೋತಾರೆ. ಏಜೆನ್ಸಿಯವರು ಮೂರು ಜನರ ಫೋಟೋ ಕಳಿಸಿದ್ರು. ನಾನೂ ನಮ್ಮನೆಯವರೂ ಟೇಬಲ್ ಮೇಲೆ ಹರಡ್ಕೊಂಡು ಕೂತ್ವಿ, ಹೆಣ್ಣು ನೋಡೋಕೆ ಕೂತ ಹಾಗೆ! ನಾಲ್ಕು ಜನ ತಮ್ಮಂದಿರನ್ನ ನಾನೇ ಎತ್ತಿ ಆಡಿಸಿದೀನಿ ಅಂತ ಬರೆದಿದ್ಲು ಅವಳು. ಇವಳೇ ಸಾಕು ಅಂದೆ. ನೆವಾರ್ಕ್ ಏರ್‌ಪೋರ್ಟಿಂದ ಕರ್ಕೊಂಡು ಬಂದು ಬಾಗಿಲಲ್ಲಿ ಆರತಿ ಎತ್ತಿದೆ. ಪಾಪ, ಬರ್ತ್‌ಡೇ ಕ್ಯಾಂಡಲ್ ಅಂದ್ಕೊಂಡು ಉಫ್ ಅಂತ ಊದೇಬಿಟ್ಲು! …ನಗಿ ನಗಿ, ನಾವೂ ನಕ್ಕಿದ್ವಿ.

ಯಾಕೆ ಹೋದ್ಲು ಅಂದ್ರೆ… ಊರಿನ ನೆನಪು. ಹೋಮ್‌ಸಿಕ್. ಚಿಕ್ಕ ಹುಡುಗಿ ತಾನೇ. ನಮ್ಮನೆಯವರಿಗೂ ಅದನ್ನೇ… ಅಂದ್ರೆ, ಅವರಿಗೂ ಗೊತ್ತು.

ಏನು ನೋಡ್ತಿದೀರಿ? ಓ, ಚಿಲಕಾನಾ? ಅದು ಹಳೇದು. ಮನೆ ತಗೊಂಡಾಗಲೇ ಇತ್ತು… ಹೌದು, ಸ್ಕ್ರೂ ಹೊಳೀತಿದೆ. ಸರಿ, ಹೊಸದೇ. ಕಿರ್ಸ್ಟನ್ನೇ ಅಂಗಡಿಯಿಂದ ತಂದು ಹಾಕಿದ್ಲು. ಒಳಗಿಂದ. ಆಮೇಲೆ ಇಲ್ಲೇ ನೆಲದ ಮೇಲೆ ಹಾಸ್ಕೊಂಡು ಮಲಗ್ತಿದ್ಲು. ಕಳ್ಳರ ಭಯ ಅವಳಿಗೆ! ಬಾಸ್ಕಿಂಗ್ ರಿಡ್ಜ್‌ನಲ್ಲಿ ಎಂಥ ಕಳ್ಳರು ಅಂತ ನಾನು…

ಯಾಕೆ ಹಾಗೆ ನೋಡ್ತೀರಿ ನನ್ನ?

ನಿಮ್ಮನ್ನೇ ಯಾಕೆ ಕರೆಸಿದೆ ಗೊತ್ತಾ? ಏಜೆನ್ಸಿಯವರು ಇನ್ನೊಬ್ಬಳನ್ನ ಕಳಿಸ್ತೀವಿ ಅಂದ್ರು, ಬೇಡ ಅಂದೆ. ಮೆಟುಚೆನ್‌ನಿಂದ ಒಬ್ರು ಆಂಟಿ ಬಂದು ನೋಡ್ಕೊಂಡು ಹೋದ್ರು, ತುಂಬಾ ಸಾಧು. ಅವರೂ ಬೇಡ ಅಂದೆ. ಮಾಲಾ ನಿಮ್ಮ ವಿಷಯ ಹೇಳಿದ್ಲು. ತನ್ನ ಎರಡು ಬಾಣಂತನ ಮಾಡಿದಾರೆ, ಯಾರ ಮುಲಾಜಿಗೂ ಬಗ್ಗಲ್ಲ, ತಪ್ಪು ಮಾಡಿದ್ರೆ ಮನೆಯೊಡತಿಗೇ ಬೈದುಬಿಡ್ತಾರೆ ಅಂತ. ಅವರೇ ಬೇಕು ಅಂದೆ. ಬೈಯೋರು ಬೇಕಾಗಿತ್ತು ನನಗೆ. ಕೈ ಹಿಡಿದು ತಡೆಯೋರು…

ತಾಯಮ್ಮ?

ಯಾಕೆ… ಯಾಕೆ ತೊಟ್ಟಿಲಿಗೂ ನನಗೂ ಮಧ್ಯೆ ಬಂದು ನಿಂತ್ರಿ?

…ಸರಿ. ಅಲ್ಲೇ ನಿಂತಿರಿ. ಜರುಗಬೇಡಿ.

ನನಗೇನಾಗಿದೆಯೋ ನನಗೇ ಗೊತ್ತಿಲ್ಲ. ಹೆರಿಗೆ ಆದಾಗಿಂದ ನಿದ್ದೆ ಅನ್ನೋದೇ ಇಲ್ಲ. ಅವಳು ಅತ್ತರೆ ಎದೆ ಢವಢವ ಅನ್ನುತ್ತೆ, ಕಿವಿ ಮುಚ್ಚಿಕೊಂಡ್ರೂ ಕೇಳಿಸುತ್ತೆ. ಡಾಕ್ಟರ್ ಕೇಳಿದ್ರು, ಏನೂ ತೊಂದರೆ ಇಲ್ಲ ಅಂದೆ. ಹೋದ ತಿಂಗಳು, ಒಂದು ಮಧ್ಯಾಹ್ನ, ಟಬ್ಬಲ್ಲಿ ಸ್ನಾನ ಮಾಡಿಸ್ತಿದ್ದೆ. ಅಳ್ತಿದ್ಲು… ಅಳ್ತಾನೇ ಇದ್ಲು. ಕೈ ತೆಗೆದುಬಿಟ್ಟೆ, ತಾಯಮ್ಮ. ಜಾರಿದ್ದಲ್ಲ. ಜಾರ್ತು ಅಂತ ನಾನೇ ಎಲ್ಲರಿಗೂ ಹೇಳಿದ್ದು. ತೆಗೆದೆ. ಅಳು ನಿಂತುಹೋಯ್ತು… ನನಗೆ ಸಮಾಧಾನ ಅನ್ನಿಸ್ತು. ಕೇಳಿದ್ರಾ? ಸಮಾಧಾನ!

ಕಿರ್ಸ್ಟನ್ ಓಡಿ ಬಂದು ಎತ್ಕೊಂಡ್ಲು. ಮಗು ಕೆಮ್ಮಿ ಕೆಮ್ಮಿ ಅತ್ತಿತು. ಡಾಕ್ಟರಿಗೂ ತೋರಿಸಿದ್ವಿ, ಏನೂ ಆಗಿಲ್ಲ ಅಂದ್ರು. ಮಾರನೇ ದಿನ ಅವಳು ಈ ಚಿಲಕ ಹಾಕಿದ್ಲು. ಹೋಗೋ ದಿನ ಅತ್ತು, ಗಂಡನಿಗೆ ನೀನೇ ಎಲ್ಲ ಹೇಳಬೇಕು, ಮಾತು ಕೊಡು ಅಂದ್ಲು. ಕೊಟ್ಟೆ. ಮೂರು ವಾರ ಆಯ್ತು. ಬಾಯಿ ತೆಗೆದ್ರೆ ಮಗೂನ ಕಿತ್ಕೊಂಡು ಹೋಗ್ತಾರೆ, ನನ್ನ ಎಲ್ಲಾದರೂ ಕೂಡಿಹಾಕ್ತಾರೆ ಅಂತ ಭಯ. ಇವಳ ಜೊತೆ ಒಬ್ಬಳೇ ಇರೋದು ಅದಕ್ಕಿಂತ ಭಯ. ಇವತ್ತು ಅವರು ಆಫೀಸಿಗೆ ಹೊರಟ ಮೇಲೆ ನೀವು ಬರೋ ತನಕ ಅರ್ಧ ಗಂಟೆ ನಾನು ಹೊರಗೆ, ಆ ಸ್ನೋನಲ್ಲೇ ನಿಂತಿದ್ದೆ. ನಿಮ್ಮನ್ನ ಎದುರುಗೊಳ್ಳೋಕೆ ಅಂದ್ಕೊಂಡ್ರಿ ನೀವು…

ಏನು, ಮಗೂನ ಎತ್ಕೊಂಡ್ರಾ? ಎಲ್ಲಿಗೆ… ಹೊರಟುಬಿಟ್ರಾ? ಬೇಡ, ತಾಯಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ, ಪೊಲೀಸರಿಗೆ ಮಾತ್ರ…

ಓ. ಫೋನಾ. ನನ್ನ ಕೈಗೆ ಯಾಕೆ ಕೊಡ್ತೀರಿ?

…ಅವರಿಗಾ? ಈಗಲೇ? ನೀವು ಇಲ್ಲೇ ಇರ್ತೀರಾ? ಎಲ್ಲ ಕೇಳಿದ ಮೇಲೂ ಇರ್ತೀರಾ?

…ಹಲೋ. ಚಂದ್ರಶೇಖರ್, ಪ್ಲೀಸ್. ಹಿಸ್ ವೈಫ್. ಯೆಸ್, ಅರ್ಜೆಂಟ್.

ರೀ… ನಾನು. ಮನೆಗೆ ಬನ್ನಿ. ಇಲ್ಲ, ಮಗು ಚೆನ್ನಾಗಿದೆ, ತಾಯಮ್ಮನ ಹೆಗಲ ಮೇಲೆ ಮಲಗಿದೆ. ನಾನು… ರೀ, ನಾನು ಚೆನ್ನಾಗಿಲ್ಲ.