ಜೇನಿನ ಮೊದಲ ಪಾಲು

ಪ್ರತಿ ಪ್ರವಚನದಲ್ಲೂ ಶ್ರೀಮಂತನ ಕಥೆ ಹೇಳಿ ನನಗೂ ಸಾಕಾಗಿದೆ, ಕೇಳಿ ನಿಮಗೂ ಸಾಕಾಗಿದೆ. ಇವತ್ತು ಹಾಡಿಯೊಂದಕ್ಕೆ ಹೋಗೋಣ. ಕಾಡಂಚಿನಲ್ಲಿ ಗುಡಿಸಲು ಕಟ್ಟಿಕೊಂಡು ಕಾಡಿನ ಜನ ಬದುಕುವ ಜಾಗ ಅದು. ಅಲ್ಲಿ ಬೊಮ್ಮಿ ಎಂಬ ಹೆಂಗಸಿದ್ದಳು. ಗಟ್ಟಿ ಬಾಯಿಯವಳು. ತೊರೆ ಬತ್ತಿತೆಂದರೆ ಹಾಡಿಯ ಹೆಂಗಸರು ಗುಡ್ಡ ಇಳಿದು ನೀರು ಹೊರಬೇಕು. ‘ನಮ್ಮ ನೀರು ನಾವೇ ಕೇಳಬೇಕು’ ಎಂದು ಅವಳು ಪಂಚಾಯಿತಿ ಚುನಾವಣೆಗೆ ನಿಂತಳು. ಗೆದ್ದಳು. ಅಧ್ಯಕ್ಷೆಯೂ ಆದಳು.

ಆದಮೇಲೆ ಸುಮ್ಮನೆ ಕೂರಲಿಲ್ಲ, ನೋಡಿ. ಹಾಡಿಯ ಕುಣಿತವನ್ನು ತಾಲೂಕಿನ ವೇದಿಕೆಗೆ ತಂದಳು. ‘ನಮ್ಮ ಸಂಸ್ಕೃತಿ ಉಳಿಯಬೇಕು’ ಎಂದು ಮೈಕಿನಲ್ಲಿ ಮಾತಾಡಿದಳು, ಚಪ್ಪಾಳೆ ಬಿತ್ತು. ನೀರಿನ ಪೈಪೂ ಬಂತು. ಆದರೆ ಇಡೀ ಹಾಡಿಗೆ ಒಂದೇ ನಲ್ಲಿ. ಎಲ್ಲಿ ಹಾಕುವುದು? ಕಂಟ್ರಾಕ್ಟರು ಕೇಳುವ ಗೋಜಿಗೇ ಹೋಗಲಿಲ್ಲ, ಅಧ್ಯಕ್ಷರ ಬಾಗಿಲಿಗೆ ಎಂದ. ಗಂಡ ಹಿಗ್ಗಿದ. ಬೊಮ್ಮಿ? ಬೇಡವೆನ್ನಲಿಲ್ಲ. ಅಷ್ಟೇ. ಬೇಡವೆನ್ನಲಿಲ್ಲ.

ಜೇನಿನ ಕಾಲ ಬಂತು. ಜೇನು ಇಳಿಸಿದ ದಿನ ಆ ಹಾಡಿಯವರೆಲ್ಲ ಒಂದೆಡೆ ಸೇರಿ ಹಂಚಿಕೊಳ್ಳುತ್ತಾರೆ. ಹೊರಗಿನವರು ಯಾರಾದರೂ ಬಂದಿದ್ದರೆ ಮೊದಲ ಪಾಲು ಅವರಿಗೆ. ಆಮೇಲೆ ಮುದುಕರು, ಮಕ್ಕಳು. ಹಾಡಿಯ ಮುಂದಾಳುಗಳಿಗೆ ಕಟ್ಟಕಡೆಗೆ. ಅಂದು ಹೊರಗಿನವರು ಯಾರೂ ಇರಲಿಲ್ಲ. ಹಾಡಿಯ ಯಜಮಾನ ಎಲೆಯ ಮೇಲೆ ಜೇನಿನ ದೊಡ್ಡ ತುಂಡಿಟ್ಟು ನೇರವಾಗಿ ಬೊಮ್ಮಿಯ ಮುಂದೆ ಹಿಡಿದ.

“ತಕ್ಕಳಿ, ಅಧ್ಯಕ್ಷರೇ.”

ಅವಳನ್ನು ಎತ್ತಿ ಆಡಿಸಿದ ಮುದುಕ ಆತ. ಬಹುವಚನ ಹಚ್ಚಿ ಕರೆದದ್ದು ಅದೇ ಮೊದಲು.

“ನಂಗ್ಯಾಕ್ ಮಾವ ಮೊದ್ಲು? ನಾನೇನ್ ಹೊರಗಿನೋಳಾ?”

“ಮೊದ್ಲು ತಕ್ಕೊಳೋದು ಹೊರಗಿನೋರೇ ಅಲ್ವಾ? ನೀರೂ ಹಂಗೇ ತಕ್ಕೊಂಡ್ರಿ. ಜೇನೂ ತಕ್ಕಳಿ.”

ಬೈಗುಳವಿಲ್ಲ, ಸಿಟ್ಟಿಲ್ಲ. ಬೊಮ್ಮಿ ನಿಂತಲ್ಲೇ ಕುಗ್ಗಿಹೋದಳು. ತುಂಬಿದ ಸಭೆಯಲ್ಲಿ ಅವಳಿಗೆ ಅಳು ಬಂತು.

ಮರುದಿನ ಮೇಸ್ತ್ರಿಯನ್ನು ಕರೆಸಿದಳು. ನಲ್ಲಿ ಬಿಚ್ಚಿಸಿ, ನೀರು ಹೊರಲಾಗದ ಮುದುಕಿಯರಿದ್ದ ಹಾಡಿಯ ಆ ತುದಿಗೆ ಹಾಕಿಸಿದಳು.

“ಅಧ್ಯಕ್ಷೆ ಮನೇಗೇ ನಲ್ಲಿ ಇಲ್ಲ ಅಂದ್ರೆ ಜನ ನಗಾಡ್ತಾರೆ ಕಣೇ!” ಎಂದು ಗಂಡ ಕೂಗಾಡಿದ.

“ನಗಾಡ್ಲಿ. ನಮ್ಮೋಳು ಅಂತ ನಗಾಡ್ಲಿ,” ಎಂದಳು.

ಮುಂದಿನ ಸಲ ಜೇನು ಹಂಚುವಾಗ ಅವಳಿಗೆ ಸಿಕ್ಕಿದ್ದು ಪಾತ್ರೆಯ ತಳದ ಚೂರು, ಅರ್ಧ ಬರೀ ಮೇಣ. “ತಗಾ, ಬೊಮ್ಮಿ” ಎಂದ ಯಜಮಾನ. ಅವಳು ಬೆರಳು ನೆಕ್ಕಿಕೊಂಡು ತಿಂದಳು.

ಈಗ ಹೇಳಿ, ಆ ಹಾಡಿಯ ಸಂಸ್ಕೃತಿ ಎಲ್ಲಿತ್ತು? ತಾಲೂಕಿನ ವೇದಿಕೆಯ ಮೇಲಿತ್ತೇ, ಜೇನಿನ ಪಾತ್ರೆಯ ತಳದಲ್ಲಿತ್ತೇ? ‘ಸ್ವಾಮೀಜಿ, ನಮ್ಮಲ್ಲೂ ಬಡಿಸುವ ತಾಯಿ ಕೊನೆಗೇ ಉಣ್ಣುತ್ತಾಳೆ’ ಎಂದು ಯಾರೋ ಗೊಣಗಿದ್ದು ಕೇಳಿಸಿತು. ಅದನ್ನು ಹೇಳಿಕೊಂಡು ಬೀಗಬೇಡಿ ಮಾರಾಯರೇ! ಹಾಡಿಯಲ್ಲಿ ಕೊನೆಗೆ ಉಣ್ಣುವವರು ಅಧಿಕಾರ ಇರುವವರು. ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವಳು ಅಧಿಕಾರ ಇಲ್ಲದವಳು. ಎರಡೂ ಒಂದೇ ಏನು? ಇವತ್ತು ರಾತ್ರಿ ಮನೆಯಲ್ಲಿ ಅವಳನ್ನು ಕೂರಿಸಿ ನೀವು ಬಡಿಸಿ. ಉಳಿದದ್ದನ್ನು ನೀವು ಉಣ್ಣಿ. ಇವತ್ತೊಂದೇ ದಿನವಲ್ಲ, ನಾಳೆಯೂ.

ರಾತ್ರಿಯವರೆಗೂ ಯಾಕೆ ಕಾಯಬೇಕು? ಪ್ರಸಾದದ ಪಂಕ್ತಿ ಈಗಲೇ ಕೂರುತ್ತದೆ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ ಹಿರಿಯರೇ, ಸದಸ್ಯರೇ, ಅಧ್ಯಕ್ಷರೇ, ಏಳಿ. ಸಾರಿನ ಬಕೆಟ್ ಹಿಡಿಯಿರಿ. ಅನ್ನದ ಬುಟ್ಟಿ ನಾನು ಹಿಡಿಯುತ್ತೇನೆ.