ಫೋರ್‌ವೀಲಿಗೆ ಹಾಕಿದರೆ ನಿಲ್ಲುವ ಜೀಪು

ಇಲ್ಲ ಉಸ್ತಾದ್, ಜೀಪು ನಂದಲ್ಲ. ಆಗಳೆ ಹೇಳಿದ್ನೆಲ್ಲ, ತೆಕ್ಕಲಕೋಟಿ ವಿರೂಪಾಕ್ಷಪ್ಪನವರದು. ಮಿಲ್ಟ್ರಿ ಹರಾಜಿನಾಗ ತಂದದ್ದು. ನಾ ಬರೇ ಹೊಡ್ಕೊಂಡು ಬಂದೀನಿ... ಹೌದು, ನಾನ ಹೊಡ್ಕೊಂಡು ಬಂದೆ. ಯಾಕ ಹಂಗ ಹುಬ್ಬು ಏರಿಸ್ತೀರಿ? ಸಿರುಗುಪ್ಪದಿಂದ ಬಳ್ಳಾರಿ ತನಕ ಒಬ್ಬಾಕಿನ. ಕೌಲ್ ಬಜಾರದಾಗ ಒಬ್ಬ ಸೈಕಲ್ಲಿನವ ನನ್ನ ನೋಡಿಕೋಂತ ಹೋಗಿ ಬಾಳಿಹಣ್ಣಿನ ಬಂಡಿಗೆ ಗುದ್ದಿದ. ಗುದ್ಲಿ. ದೇವರು ಕಣ್ಣು ಕೊಟ್ಟದ್ದು ದಾರಿ ನೋಡಾಕ.

ಬಾಯಾಗ ಪಾನ್ ಐತಂತ ಬರೇ ಕೈಸನ್ನಿ ಮಾಡ್ತೀರಿ. ಇರ್ಲಿ, ಉಸ್ಮಾನಸಾಬರು ಪಾನ್ ಅಗೀಲಿ, ಗಿಡ್ಡಮ್ಮ ಮಾತಾಡ್ಲಿ. ಮೊದಲಿಂದಲೂ ಹಂಗ ಅಲ್ಲೇನು ನಮ್ಮಿಬ್ಬರದು?... ಏನು? ಸಪ್ಪಳ ಮಾಡಬ್ಯಾಡ ಅಂತೀರಾ? ಸೊಂಟದಾಗಿನ ಕೀಲಿಗೊಂಚಲು ಇದು. ಕೈ ಸುಮ್ನಿರಂಗಿಲ್ಲ ನಂದು. ಮನಿ ಕೀಲಿ... ಯಾಕ, ಒಂದು ಮನಿಗೆ ಮೂರು ಕೀಲಿ ಇರಬಾರದೇನು?

ಚಾ ಬ್ಯಾಡ. ಚಾ ಕುಡಿಯಾಕ ಬಂದಿಲ್ಲ ನಾ. ಈ ಜೀಪಿನ ರೋಗ ಹೇಳ್ರಿ, ಹೋಗ್ತೀನಿ.

ರೋಗ ಇಷ್ಟ. ಟಾರ್ ರೋಡಿನ ಮ್ಯಾಲೆ ಎಷ್ಟು ಹೊಡೀರಿ, ಒಂದು ಮಾತು ಎದುರಾಡಂಗಿಲ್ಲ. ಮುಂದಿನ ಗಾಲಿಗೂ ಜೋರು ಕೊಡಾಕ ಈ ಗಿಡ್ಡ ಕೋಲು ಐತೆಲ್ಲ, ಇದನ್ನ ಎಳದು ಫೋರ್‌ವೀಲಿಗೆ ಹಾಕಿ ಕೆಸರಿಗೆ ಇಳಸ್ರಿ... ಹತ್ತು ಮಾರು ಹೋಗಾದ್ರಾಗ ಉಫ್ ಅಂತ ದೀಪ ಆರಿಸಿದಂಗ. ಇಂಜಿನ್ ಬಂದ್. ಕೆಮ್ಮಂಗಿಲ್ಲ, ಸೀನಂಗಿಲ್ಲ. ಪೆಟ್ರೋಲಿನ ಕಾಟ ಆದ್ರ ಗಾಡಿ ಕೆಮ್ಮಿ ಕೆಮ್ಮಿ ಸಾಯ್ತೈತಿ, ಕರೆಂಟಿನ ಕಾಟ ಆದ್ರ ನಿಂತಲ್ಲೇ ಸಾಯ್ತೈತಿ. ನೀವ ಕಲಿಸಿದ್ದು. ಮರತಿಲ್ಲ ನಾ.

ಇವತ್ತು ಬರೋವಾಗ ಕುರುಗೋಡಿನ ಹತ್ರ ಕಾಲುವಿ ನೀರು ದಾರಿಗೆ ನುಗ್ಗಿತ್ತು. ಫೋರ್‌ವೀಲಿಗೆ ಹಾಕಿದೆ. ನಡು ಕೆಸರಾಗ ನಿಂತು ಬಿಡ್ತು. ಒಬ್ಬಾತ ಜೋಡೆತ್ತು ಕಟ್ಟಿ ಎಳದ. ಎಳದು ಸುಮ್ನ ಹೋಗ್ಬೇಕಿಲ್ಲ? 'ತಂಗೆವ್ವ, ನಿನ್ನ ಜೀಪಿಗೆ ನಾಕೂ ಗಾಲಿಗೆ ಶಕ್ತಿ ಐತಂತ, ನನ್ನ ಎತ್ತಿಗೆ ಎಂಟು ಕಾಲು ಅದಾವು, ಸಾಕೇನು?' ಅಂದ. ನಾನೂ ಬಿಡಲಿಲ್ಲ. 'ಸಾಕಣ್ಣ, ಒಂಬತ್ತನೇದು ನಿನ್ನ ನಾಲಿಗಿ ಕಟ್ಟೋಣು' ಅಂದೆ.

ನಕ್ರಿ. ಅಂತೂ ನಕ್ರಿ. ಪಾನ್ ಹುಷಾರು.

ಯಾರು ಕೈ ಹಾಕಿದ್ರು ಅಂತೀರಾ? ಸಿರುಗುಪ್ಪದಾಗ ಒಬ್ಬ ಹೊಸ ಮೇಸ್ತ್ರಿ. ಬಸ್‌ಸ್ಟ್ಯಾಂಡ್ ಹಿಂದ ಅಂಗಡಿ ಹಾಕ್ಯಾನ. ಹೆಸರು... ಹೆಸರು ಗೊತ್ತಿಲ್ಲ ನನಗ. ಏನೋ ಒಂದು ಇರ್ತೈತಿ. ಮೊದಲು ಈ ಜೀಪಿನ ಹಾರನ್ ತಿರುವು ಬಂದಾಗೆಲ್ಲಾ ತಾನ ಕೂಗ್ತಿತ್ತಂತ. ಅದಕ್ಕ ಅವನ ಹತ್ರ ಬಿಟ್ಟಿದ್ರು. ಅವ ಹಾರನ್ ಸರಿ ಮಾಡ್ದ. ಒತ್ರಿ, ನೋಡ್ರಿ... ಹೆಂಗೈತಿ? ಮದುವಿ ಬ್ಯಾಂಡ್ ಇದ್ದಂಗಿಲ್ಲೇನು? ಅದರ ಕೂಡ ಒಳಗಿನ ವೈರೆಲ್ಲಾ ತಿಕ್ಕಿ ತೊಳದು ಹಸನು ಮಾಡಿ ಕೊಟ್ಟ. ಆಮ್ಯಾಲೆ ಈ ಹೊಸ ರೋಗ ಹುಟ್ತು.

ತಲಿ ಅಲ್ಲಾಡಿಸಬ್ಯಾಡ್ರಿ. ಕೆಟ್ಟ ಕೆಲಸಗಾರ ಏನಲ್ಲ ಅವ. ಈ ಟೇಪು ನೋಡ್ರಿ, ಎಷ್ಟು ಚಂದ ಸುತ್ಯಾನ. ಒಂದು ಸುಕ್ಕಿಲ್ಲ. ತುದಿ ಸೈತ ಒಳಗ ಮಡಚ್ಯಾನ... ಏನು? ಹಂಗ ಮಡಚೋದು ನಿಮ್ಮ ಅಂಗಡ್ಯಾಗ ಮಾತ್ರ ಅಂತೀರಾ? ಊರಾಗ ಎಲ್ಲಾರೂ ಹಂಗ ಮಡಚ್ತಾರ ಈಗ. ನಾ ನೋಡೀನಿ. ಅಲ್ಲ... ಇದನ್ನ ಬಿಡ್ರಿ, ಜೀಪು ನೋಡ್ರಿ.

ಸಂಜಿಗೆ ಮುಟ್ಟಿಸಬೇಕು ಇದನ್ನ. ವಿರೂಪಾಕ್ಷಪ್ಪನವರ ಗದ್ದಿಯಾಗ ನಾಟಿ ನಡದೈತಿ, ಮಂದಿಗೆ ಊಟ, ಸಸಿ, ಎಲ್ಲಾ ಈ ಜೀಪಿನಾಗ ಹೋಗ್ಬೇಕು, ದಾರಿ ಅನ್ನೋದು ಬರೇ ರಾಡಿ. 'ಇವತ್ತು ಸರಿ ಆಗಲಿಲ್ಲಂದ್ರ ಸಿರುಗುಪ್ಪದ ಒಂದು ಗಾಡಿನೂ ಆ ಅಂಗಡಿ ಮುಂದ ನಿಲ್ಲದಂಗ ಮಾಡ್ತೀನಿ' ಅಂದಾರ. ಮಾಡೋ ಮನುಷ್ಯಾನ ಅವರು. ಪಾಪ, ಅಂಗಡಿಗೆ ಬಂದ ಮೊದಲನೇ ಜೀಪು ಇದು. ಇಷ್ಟು ದಿನ ಬರೇ ಟ್ರ್ಯಾಕ್ಟರ್ ಲೈಟು, ಸೈಕಲ್ ಡೈನಮೋ. ಇದೊಂದು ಗೆದ್ರ ಅಂಗಡಿ ನಿಂತಂಗ, ಸೋತ್ರ ಕದ ಹಾಕಿದಂಗ... ನನಗ ಹೆಂಗ ಗೊತ್ತಂದ್ರ? ಊರ ಮಂದಿ ಅಂತಾರ. ನನಗೇನು. ನನಗೇನೂ ಇಲ್ಲ.

ಎಲ್ಲಾ ನೋಡ್ಯಾಗೈತ್ರಿ. ಕೋಲಿನ ಬುಡಕ್ಕ ವೈರು ಉಜ್ಜೈತೇನು ಅಂತ ನೋಡಿದೆ... ನೋಡಿದ ಅವ. ಉಜ್ಜಿಲ್ಲ. ಕಾಯಿಲ್ ಬ್ಯಾರೆ ಹಾಕಿದ. ಪಾಯಿಂಟ್ ತಿಕ್ಕಿದ. ಟೆಸ್ಟ್ ಲೈಟ್ ಹಿಡಿದ್ರ ಎಲ್ಲಾ ಕಡೆ ಬಲ್ಬು ಉರೀತೈತಿ. ಬ್ಯಾಟ್ರಿಯಿಂದ ಹೋಗೋ ಕರೆಂಟು ಒಂದು ಚೂರು ಕಮ್ಮಿ ಇಲ್ಲ. ನಿಂತಲ್ಲೇ ಕೋಲು ಎಳದ್ರೂ ಏನಾಗಂಗಿಲ್ಲ. ಕೆಸರಾಗ ಇಂಜಿನ್ ಮೈ ಮುರದು ದುಡಿಯಾಕ ಹತ್ತಿದಾಗ ಮಾತ್ರ...

ಏನದು, ಮಣ್ಣಾಗ ಬೆರಳಿಲೆ ಬರೀತೀರಿ? ಇದು ಬ್ಯಾಟ್ರಿ. ಗೀಟು ಹೊಂಟೈತಿ... ಇದು ಇಂಜಿನ್. ಸರಿ. ಅಲ್ಲಿಗೇ ಯಾಕ ನಿಂತ್ರಿ? ಮುಂದ ಏನು, ನಾ ಹೇಳ್ಬೇಕಾ? ಮುಂದ ಏನೈತಿ, ಹೋಗಿ ಮುಟ್ತು, ಮುಗೀತು.

ಮುಗೀಲಿಲ್ಲೇನು?

ನೋಡ್ರಿ, ಈ ಪಾಠ ನನಗ ಹೇಳೇ ಇಲ್ಲ ನೀವು. ಇದ ಜಾಗದಾಗ ಕುಂತು ಬ್ಯಾಟ್ರಿಗೆ ನೀರು ಹಾಕ್ತಿದ್ದೆ. ಬ್ಯಾಟ್ರಿ ಮ್ಯಾಲಿನ ಅಕ್ಷರ ಕೂಡಿಸಿ ಕೂಡಿಸಿ ಓದಾಕ ಕಲತದ್ದೂ ಇಲ್ಲೇ. ಯಾರೂ ಸಾಲಿಗೆ ಕಳಿಸಲಿಲ್ಲ ನನಗ. ಹಂಗಿದ್ದಾಗ ಆ ಲಾರಿಯವ ಬಂದ. 'ಹೆಣ್ಣುಮಗಳು ಮುಟ್ಟಿದ ಲಾರಿ ಘಾಟಿ ಏರಂಗಿಲ್ಲ' ಅಂದ. ನೀವು ಏನಂದ್ರಿ? 'ಗಿಡ್ಡಮ್ಮ, ಇವತ್ತೊಂದಿನ ಒಳಗ ಕುಂದ್ರವ್ವ' ಅಂದ್ರಿ. ಬೈದಿದ್ರ ಇರ್ತಿದ್ದೆ. ಅಷ್ಟು ಮೆತ್ತಗ ಅಂದ್ರಿ ನೋಡ್ರಿ, ಅದಕ್ಕ ಎದ್ದು ಹೋದೆ. ಮರುದಿನ ಬಾಡಿ ಅರ್ತಿಂಗ್ ಅಂದ್ರೇನು ಹೇಳ್ತೀನಿ ಅಂದಿದ್ರಿ. ಮರುದಿನ ನಾ ಬರಲಿಲ್ಲ.

ನೆಲ ಯಾಕ ನೋಡ್ತೀರಿ? ಹಳೇದು ಬಿಡ್ರಿ. ನಾನ ಬಿಟ್ಟೀನಿ... ಪೂರಾ ಬಿಟ್ಟಿಲ್ಲ, ಅರ್ಧ ಬಿಟ್ಟೀನಿ. ತರ್ರಿ ಆ ಚಾ. ಆರಿ ಹೊಂಟೈತಿ, ಕುಡೀತೀನಿ.

ಹಾಂ, ಇನ್ನೊಂದು ಸಣ್ಣದು. ಸ್ಟಾರ್ಟ್ ಮಾಡೋವಾಗ ಚೋಕ್ ಎಳಿಯಾಕ ಹೋದ್ರ ಬೆರಳು ಚುರ್ ಅಂತೈತಿ. ಅದರ ಕೇಬಲ್ಲು ಕಾದ ಹಂಚು ಇದ್ದಂಗ. ಇಂಜಿನ್ ಕಾವು ಇರ್ಬೇಕು, ಅದೇನು ದೊಡ್ಡದಲ್ಲ...

ಯಾಕ ಎದ್ರಿ? ಎಲ್ಲಿಗೆ ಹೊಂಟ್ರಿ? ಪಾನ್ ಉಗುಳಾಕಾ? ಇನ್ನೂ ಅರ್ಧ ಸೈತ ಅಗಿದಿಲ್ಲ.

ಬಂದ್ರಾ. ಈಗ ಬಾಯಿ ಖಾಲಿ ಐತೆಲ್ಲ, ಹೇಳ್ರಿ... ಹೇಳ್ರಿ ಉಸ್ತಾದ್. ಜೀಪಿನ ಕೆಳಗ ಯಾಕ ಹೊಕ್ರಿ? ನಾನೂ ಬರ್ಬೇಕಾ? ಬಂದೆ. ಎಲ್ಲಿ ಬೆರಳು ಇಟ್ಟೀರಿ? ಇಲ್ಲೇನೈತಿ, ಕಬ್ಬಿಣದ ಚಾಸಿಗೆ ಒಂದು ಬೋಲ್ಟಿನ ತೂತು. ಸುತ್ತ ಬೆಳ್ಳಗ ಮಿಂಚತೈತಿ, ಹೌದು. ಅಲ್ಲೊಂದು ಹರಕು ಪಟ್ಟಿ ಇತ್ತು. ಒಂದು ತುದಿ ಇಂಜಿನ್ನಿಗೆ, ಒಂದು ತುದಿ ಇಲ್ಲಿಗೆ. ತಾಮ್ರದ ಎಳಿ ಜಡಿ ಹೆಣದಂಗ ಹೆಣದದ್ದು. ಎಣ್ಣಿ ಕುಡದು ಕರ್ರಗಾಗಿತ್ತು. ಮೈಮ್ಯಾಲೆ ರಬ್ಬರಿಲ್ಲ, ಬಟ್ಟಿ ಇಲ್ಲ. ಬರಿಮೈ ವೈರು ಬಾಡಿಗೆ ತಾಗಿದ್ರ ಶಾರ್ಟು, ಕಂಡಕೂಡ್ಲೆ ತಗಿ ಅಂತ ಮೊದಲನೇ ದಿನ ಹೇಳಿದವರು ಯಾರು? ನೀವ ಅಲ್ಲೇನು? ಅದಕ್ಕ ತಗದೆ...

ತಗದ. ತಗದ ಅವ. ಮೇಸ್ತ್ರಿ.

ಮಾತಾಡ್ರಿ. ಬೆರಳು ಇಂಜಿನ್ನಿಂದ ಈ ತೂತಿಗೆ, ಇಲ್ಲಿಂದ ಬ್ಯಾಟ್ರಿಗೆ ಯಾಕ ಎಳೀತೀರಿ?

ಹೋದ ಕರೆಂಟು ಆ ಪಟ್ಟಿ ಮ್ಯಾಲೆ ತಿರುಗಿ ಬ್ಯಾಟ್ರಿಗೆ ಬರ್ತಿತ್ತು, ಅಷ್ಟಲ್ಲೇನು? ನಿಮ್ಮ ಗೀಟಿನ ಮುಂದಿನ ಅರ್ಧ ಅದು, ನಾ ಬಿಟ್ಟು ಹೋದ ಬಾಡಿ ಅರ್ತಿಂಗ್ ಪಾಠನೂ ಅದ. ಪಟ್ಟಿ ಇಲ್ಲಂದ ಮ್ಯಾಲೆ ಪಾಪ ಚೋಕಿನ ಕೇಬಲ್ ಹಿಡ್ಕೊಂಡು ಬರಾಕ ಹತ್ತೈತಿ, ಅದಕ್ಕ ಅದು ಸುಡ್ತೈತಿ. ಫೋರ್‌ವೀಲಿನಾಗ ಇಂಜಿನ್ ಹೊಯ್ದಾಡಿದ ಕೂಡ್ಲೆ ಆ ದಾರಿನೂ ತಪ್ಪತೈತಿ. ಸತ್ತು ಬೀಳ್ತೈತಿ. ಇಷ್ಟ. ಇಷ್ಟಕ್ಕ ಮೂರು ದಿನ ನಿದ್ದಿ ಮಾಡಿಲ್ಲ ನಾ... ಅವ.

ಯಾಕ ಹಂಗ ನೋಡ್ತೀರಿ? ಮಾರಿ ನೋಡಿ ಮಾತಾಡ್ರಿ, ಸೊಂಟ ಯಾಕ ನೋಡ್ತೀರಿ, ಇಷ್ಟು ವಯಸ್ಸಾಗಿ. ಏನೈತಿ ಅಲ್ಲಿ? ಕೀಲಿ. ಕೀಲಿ ಪೋಣಿಸಿದ ಪಟ್ಟಿ...

...

ಹುಣಸಿಹಣ್ಣು ಹಚ್ಚಿ ತಿಕ್ಕಿದೆ ಉಸ್ತಾದ್. ಬಂಗಾರದಂಗ ಹೊಳೀತು. ಒಗಿಯಾಕ ಮನಸ್ಸಾಗಲಿಲ್ಲ. ಮೊದಲನೇ ಜೀಪಿಂದು ಅಂತ.

ನಗ್ರಿ. ಈಗ ನಗ್ರಿ, ಬಾಯಿ ಖಾಲಿ ಐತಿ. ಕೆಳಗ ಮಲಕೊಂಡು ನಗಬ್ಯಾಡ್ರಿ, ಸೈಲೆನ್ಸರಿಗೆ ತಲಿ ಬಡೀತೈತಿ. ನಿಮಗ ಯಾವಾಗ ತಿಳೀತು, ಟೇಪಿನ ತುದಿ ನೋಡಿದಾಗಾ? ಮೂರು ಕೀಲಿ ಅಂದಾಗಾ? ಇಷ್ಟೊತ್ತು ನನ್ನ ಕಡಿಂದ ಬೊಗಳಿಸಿದ್ರಿ, ದೊಡ್ಡ ಮನುಷ್ಯಾ.

ಕೈ ಚಾಚಬ್ಯಾಡ್ರಿ. ಪಟ್ಟಿ ನಿಮ್ಮ ಕೈಗೆ ಕೊಡಂಗಿಲ್ಲ. ಅತ್ತಾಗ ಸರೀರಿ, ಸ್ಪ್ಯಾನರ್ ಇತ್ತಾಗ ಕೊಡ್ರಿ. ನಾನ ಬಿಚ್ಚಿದ್ದು, ನಾನ ಹಾಕ್ತೀನಿ.

ಇಗಾ, ಪಟ್ಟಿ ಬಿಚ್ಚಿದ್ರ ಇವು ಉದುರ್ತಾವು. ಕೀಲಿ ಮೂರೂ ಹಿಡ್ಕೊಂಡು ಕುಂದರ್ರಿ ಸ್ವಲ್ಪ ಹೊತ್ತು. ಹುಷಾರ್ರಿ, ಕಳೀಬ್ಯಾಡ್ರಿ. ಅಂಗಡಿ ಕೀಲಿ ಅವು.